ದುರಗೇಶನ ಡ್ರೈಯರು ಸುಮ್ಮನಾದದ್ದು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ದುರಗೇಶ ವಾಷಿಂಗ್ ಮಷಿನ್ನಿನ ಡ್ರೈಯರಿಗೆ ಒದ್ದೆ ಬಟ್ಟೆ ತುಂಬಿ ಗುಂಡಿ ತಿರುಗಿಸಿದ್ದೇ ತಡ, ಕೆಳಗಿನ ಮನೆಯಲ್ಲಿ ಮೈಮುನಬಿಯ ಹಿತ್ತಾಳೆ ತಂಬಿಗೆ ಉರುಳಿ ಬಿತ್ತು.

ಗಂಗಾವತಿಯ ಆ ಮನೆಯ ಕೆಳಗಿನ ಭಾಗದಲ್ಲಿ ಮಾಲೀಕ ಉಮರಸಾಬರು ಮತ್ತು ಅವರ ಹೆಂಡತಿ ಮೈಮುನಬಿ ಇದ್ದರು. ಮೇಲೆ ಬಾಡಿಗೆಗೆ ಅಂಚೆ ಕಚೇರಿಯ ಗುಮಾಸ್ತ ದುರಗೇಶ, ಅವನ ಹೆಂಡತಿ ನರ್ಸು ಸುರೇಖಾ. ಎರಡು ತಿಂಗಳಿಂದ ಅವರ ಡ್ರೈಯರು ಇಟ್ಟಿಗೆ ತುಂಬಿದ ಟ್ರ್ಯಾಕ್ಟರು ತಗ್ಗಿಗಿಳಿದಂತೆ ದಡಬಡ ಎನ್ನುತ್ತಿತ್ತು. ಗೋಡೆ ನಡುಗುತ್ತಿತ್ತು, ಕಿಟಕಿಯ ಗಾಜು ಹಲ್ಲು ಕಡಿಯುತ್ತಿತ್ತು.

ದುರಗೇಶ ಇಳಿದು ಹೋಗಿ ಬಾಗಿಲಲ್ಲಿ ನಿಂತ. "ಚಾಚಿ, ಭಾಳ ಸಪ್ಪಳ ಆತೇನ್ರಿ?"

"ಎಲ್ಲಿ ಸಪ್ಪಳ ಬೇಟಾ? ನನಗ ಕೇಳಿಸೇ ಇಲ್ಲ," ಎಂದಳು ಮೈಮುನಬಿ, ಚಹಾದ ಕಪ್ಪಿನೊಳಗೆ ಬಿದ್ದಿದ್ದ ಸುಣ್ಣದ ಚಕ್ಕೆಯನ್ನು ಬೆರಳಿನಿಂದ ತೆಗೆಯುತ್ತ.

ಬೈದಿದ್ದರೆ ದುರಗೇಶ ಒಂದು ಮಾತು ತಿರುಗಿ ಆಡಿ ಹಗುರಾಗುತ್ತಿದ್ದ. ಆಕೆ ಬೈಯುವವಳಲ್ಲ. ಹೋದ ವರ್ಷ ಗಂಡ ಹೆಂಡತಿ ಇಬ್ಬರೂ ಡೆಂಗಿ ಜ್ವರದಲ್ಲಿ ಮಲಗಿದ್ದಾಗ, ಮೊಣಕಾಲು ನೋವಿನಲ್ಲೂ ಹದಿನೈದು ದಿನ ಎರಡು ಹೊತ್ತು ಮೆಟ್ಟಿಲು ಹತ್ತಿ ಗಂಜಿ ಕುಡಿಸಿದವಳು. ಅಂಥವಳ ಚಹಾದಲ್ಲಿ ಸುಣ್ಣ.

"ಇವತ್ತ ಈ ಡ್ರೈಯರ್ ಸುಮ್ಮನಾಗೋತನಕಾ ನಾ ಊಟ ಮಾಡಂಗಿಲ್ಲ," ಎಂದು ದುರಗೇಶ ಮೇಲೆ ಬಂದು ಸಾರಿದ.

"ಆಣಿ ಮಾಡಬ್ಯಾಡ್ರಿ. ರೊಟ್ಟಿ ಆರತಾವ," ಎಂದಳು ಸುರೇಖಾ.

ಮಷಿನ್ನು ಸಮನಾಗಿ ನಿಂತಿಲ್ಲ ಎಂದು ತೀರ್ಮಾನಿಸಿ ಅವನು ಅದರ ಒಂದು ಕಾಲಿನ ಕೆಳಗೆ ರಟ್ಟಿನ ತುಂಡು ಇಟ್ಟ. ಗುಂಡಿ ತಿರುಗಿಸಿದ. ಮಷಿನ್ನು ರಟ್ಟನ್ನು ಒದ್ದು, ಸಂತೆಗೆ ಹೊರಟ ಹೋರಿಯ ಹಾಗೆ ಬಾಗಿಲಿನತ್ತ ನಡೆಯತೊಡಗಿತು. ಪೈಪು ಕಿತ್ತು ಬಂತು. ಸಾಬೂನಿನ ನೀರು ಮೆಟ್ಟಿಲಿಳಿದು, ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಉಮರಸಾಬರ ಚಪ್ಪಲಿಗಳನ್ನು ಗಟಾರದವರೆಗೆ ತೇಲಿಸಿಕೊಂಡು ಹೋಯಿತು.

"ಇರಲಿ ಬಿಡಪಾ," ಎಂದರು ಉಮರಸಾಬರು ಬರಿಗಾಲಲ್ಲಿ ಎದ್ದು ಹೋಗುತ್ತ. "ಚಪ್ಪಲಿ ತೊಳದ ಭಾಳ ದಿನ ಆಗಿತ್ತು."

ದುರಗೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ನೀರಿನ ಜಾಡು ಹಿಡಿದು ಎದುರುಮನೆಯ ಹೊಳಿಯಮ್ಮ ಬಂದಳು. ಕರೆಯದೆ ಬರುವುದು ಆಕೆಯ ಪದ್ಧತಿ.

"ಮ್ಯಾಲ ಭಾರ ಇಲ್ಲದ್ದಕ್ಕ ಕುಣೀತೈತಿ ಅದು. ನಮ್ಮ ಸೊಸಿನೂ ಹಂಗ ಇದ್ಲು. ಕೂಸಿನ ಭಾರ ಬಿದ್ದ ಮ್ಯಾಲ ತಣ್ಣಗಾದ್ಲು," ಎಂದವಳೇ ಮನೆಗೆ ಹೋಗಿ ತನ್ನ ರುಬ್ಬುವ ಗುಂಡು ತಂದು ಡ್ರೈಯರಿನ ಮುಚ್ಚಳದ ಮೇಲೆ ಇಟ್ಟಳು.

ಗುಂಡು ಹತ್ತು ಸೆಕೆಂಡು ಮೇಲೆ ಕೂತಿತ್ತು. ಆಮೇಲೆ ಉರುಳಿ ಬಿದ್ದು, ದುರಗೇಶನ ಕಾಲಿನ ಹೆಬ್ಬೆರಳನ್ನು ಕೂದಲೆಳೆಯಷ್ಟರಲ್ಲಿ ಬಿಟ್ಟು, ಪಕ್ಕದ ಬಕೆಟ್ಟನ್ನು ಎರಡು ಹೋಳು ಮಾಡಿತು.

"ಬಕೀಟ ಹಳೇದಿತ್ತು," ಎಂದು ತೀರ್ಪು ಕೊಟ್ಟು ಹೊಳಿಯಮ್ಮ ಗುಂಡು ಎತ್ತಿಕೊಂಡು ನಡೆದಳು. ಹೋಗುವಾಗ ದಾರಿಯಲ್ಲಿ ಸಿಕ್ಕ ಗ್ಯಾನಪ್ಪನನ್ನು ಮೇಲೆ ಕಳಿಸಿದಳು.

ಗ್ಯಾನಪ್ಪ ರೈಸ್ ಮಿಲ್ಲಿನ ಫಿಟರ್. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಮಷಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿದ. "ಬೇರಿಂಗ್ ಹೋಗೇತಿ," ಎಂದ. ದುರಗೇಶ ಬೇಡ ಎನ್ನುವುದರೊಳಗೆ ಹಿಂದಿನ ತಗಡು ಕಳಚಿ, ಬಟ್ಟೆ ತಿರುಗುವ ಡಬ್ಬಿಯನ್ನು ಮೇಲಕ್ಕೆಳೆದು ನೆಲದ ಮೇಲಿಟ್ಟ. ಸ್ಕ್ರೂಗಳು ಮನೆ ತುಂಬ ಚೆಲ್ಲಿದವು. ಕೊನೆಗೆ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡಿದ.

"ಬೇರಿಂಗ್ ಛಲೋ ಐತಿ," ಎಂದ, ರೋಗಿ ಬದುಕಿದ್ದಕ್ಕೆ ಬೇಸರಗೊಂಡ ವೈದ್ಯನ ಹಾಗೆ.

ಆಗಲೇ ಅವನ ಫೋನು ರಿಂಗಾಯಿತು. ಮಿಲ್ಲಿನಲ್ಲಿ ಬೆಲ್ಟು ಹರಿದಿತ್ತು. ಗ್ಯಾನಪ್ಪ ಮತ್ತೆ ಬರುವೆನೆಂದು ಹೇಳಿ ಹೋದ.

ಮಧ್ಯಾಹ್ನ ಒಂದೂವರೆ. ದುರಗೇಶ ಬಿಚ್ಚಿದ ಭಾಗಗಳ ನಡುವೆ ತಲೆಯ ಮೇಲೆ ಕೈ ಹೊತ್ತು ಕುಳಿತ. ಸುರೇಖಾ ಬಂದು, ವಾರ್ಡಿನಲ್ಲಿ ರೋಗಿಯ ಗಂಟಲು ನೋಡುವ ಹಾಗೆ ಮೊಬೈಲಿನ ಬೆಳಕನ್ನು ಮಷಿನ್ನಿನ ಒಳಗೆ ಬಿಟ್ಟಳು.

"ಮೋಟಾರ ಯಾಕ ಸೊಟ್ಟಗ ಕುಂತೈತ್ರಿ?"

"ಎಲ್ಲಿ?"

"ನೋಡ್ರಿಲ್ಲೆ. ಕೆಳಗ ಎರಡ ಸ್ಪ್ರಿಂಗ್ ನಿಂತಾವ, ಒಂದ ಮೂಲ್ಯಾಗ ಮಲಗೇತಿ."

ಮೋಟಾರು ಮೂರು ಸ್ಪ್ರಿಂಗುಗಳ ಮೇಲೆ ಕೂರಬೇಕಿತ್ತು. ಒಂದು ಜಾಗ ಬಿಟ್ಟು ಜಾರಿದ್ದರಿಂದ ಡಬ್ಬಿ ತಿರುಗುವಾಗ ವಾಲಿ ಮಷಿನ್ನಿನ ಒಳಗೋಡೆಗೆ ಬಡಿಯುತ್ತಿತ್ತು. ದುರಗೇಶ ಮೋಟಾರನ್ನು ಎತ್ತಿ ಹಿಡಿದ, ಸುರೇಖಾ ಸ್ಪ್ರಿಂಗನ್ನು ನಿಲ್ಲಿಸಿದಳು. ಎಲ್ಲ ಮರಳಿ ಜೋಡಿಸುವಷ್ಟರಲ್ಲಿ ಮೂರು ಗಂಟೆಯಾಯಿತು. ಗುಂಡಿ ತಿರುಗಿಸಿದರೆ ಡ್ರೈಯರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು, ಅಷ್ಟೆ.

ಅವನು ಓಡಿ ಹೋಗಿ ಮೈಮುನಬಿಯನ್ನು ಕೈಹಿಡಿದು ಕರೆತಂದ. ಆಕೆ ತಿರುಗುತ್ತಿದ್ದ ಡ್ರೈಯರಿನ ಮೇಲೆ ಅಂಗೈಯಿಟ್ಟಳು. ಕಣ್ಣಲ್ಲಿ ನೀರು ಬಂತು.

"ಈಗ ಹೇಳ್ತೀನಿ ಬೇಟಾ. ಎರಡ ತಿಂಗಳ ಆತು, ಐತವಾರ ಬಂತಂದ್ರ ಎದಿ ಡವಡವ ಅಂತಿತ್ತು. ಹೇಳಿದ್ರ ನಿಮಗ ಬ್ಯಾಸರ ಆಕ್ಕೇತಂತ ಸುಮ್ನಿದ್ದೆ."

ಗಂಜಿಯ ಉಪಕಾರಕ್ಕೆ ಇಂದು ಒಂದಿಷ್ಟಾದರೂ ಮರಳಿ ಮಾಡಿದೆ ಎಂದು ದುರಗೇಶನ ಎದೆ ತುಂಬಿ ಬಂತು.

ನಾಲ್ಕು ಗಂಟೆಗೆ ಉಮರಸಾಬರು ಬಿಳಿ ಅಂಗಿಯ ಒಬ್ಬ ಅಪರಿಚಿತನನ್ನು ಕರೆದುಕೊಂಡು ಮೇಲೆ ಬಂದರು. "ನಮ್ಮ ಪರಿಚಯದವರು, ಕಾರಟಗಿಯವರು. ಮನಿ ಸ್ವಲ್ಪ ನೋಡ್ತಾರಂತ."

ಆ ಮನುಷ್ಯ ಒಂದು ಕಾಲು ಹೊಸ್ತಿಲ ಹೊರಗೇ ಇಟ್ಟುಕೊಂಡು ಚಾವಣಿಯನ್ನು ನೋಡಿದ. "ಈ ಮನಿ ಅಲ್ಲಾಡತೈತೇನ್ರಿ?" ಎಂದು ಅಂಜುತ್ತ ಕೇಳಿದ.

ದುರಗೇಶನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿರಲಿಲ್ಲ. ಡ್ರೈಯರನ್ನು ಓಡಿಸಿದ. ಅತಿಥಿಯ ಕೈ ಹಿಡಿದು ಗೋಡೆಗೆ ಒತ್ತಿದ. "ನೀವ ನೋಡ್ರಿ. ಅಲ್ಲಾಡತೈತೇನು? ಎಲ್ಲಾ ಈ ಮಷಿನ್ ಆಟ ಆಗಿತ್ರಿ, ಇವತ್ತ ಸರಿ ಮಾಡೀವಿ. ಮನಿ ಬಂಡಿಗಲ್ಲ ಇದ್ದಂಗ ಐತಿ." ಅಷ್ಟಕ್ಕೇ ನಿಲ್ಲಲಿಲ್ಲ. ಬೇಸಿಗೆಯಲ್ಲೂ ಗಾಳಿಯಾಡುತ್ತದೆ, ನಳದ ನೀರಿಗೆ ಕೊರತೆಯಿಲ್ಲ, ಇಂಥ ಮನೆ ಗಂಗಾವತಿಯಲ್ಲೇ ಸಿಗದು ಎಂದು ಉಮರಸಾಬರ ಮುಖ ಅರಳುವಷ್ಟು ಹೊಗಳಿದ. ಅತಿಥಿ ಎರಡೂ ಕಾಲು ಒಳಗಿಟ್ಟ.

ಸಂಜೆ ಉಮರಸಾಬರು, ಮೈಮುನಬಿ ಇಬ್ಬರೂ ಬಂದರು. ಆಕೆಯ ಕೈಯಲ್ಲಿ ತುಪ್ಪದ ಶಾವಿಗೆಯ ಪಾತ್ರೆ. ಉಮರಸಾಬರು ದುರಗೇಶನ ಎರಡೂ ಕೈ ಹಿಡಿದುಕೊಂಡರು.

"ನಿನ್ನ ಉಪಕಾರ ಸಾಯೋತನಕಾ ಮರೆಯಂಗಿಲ್ಲಪಾ. ನಮ್ಮ ಮಗಳ ಜಾಸ್ಮೀನ ಕನಕಗಿರ್ಯಾಗ ಎರಡ ಕೂಸು ಕಟ್ಕೊಂಡ ಒಬ್ಬಾಕೀನ ಅದಾಳ, ಅಳಿಯ ದುಬೈದಾಗ. ಮನಿ ಮಾರಿ ಆಕಿ ಹಂತೇಲಿ ಹೋಗಿ ಇರೂಣು ಅಂದ್ರ, ಈ ಸಾಹುಕಾರ ಎರಡ ಐತವಾರ ಬಂದು, ಮನಿ ನಡಗತೈತಿ ಅಂತ ಓಡಿ ಹೋದ. ಮಷಿನ್ ಸಪ್ಪಳ ಅಂದ್ರ ನಂಬಲಿಲ್ಲ. ಇವತ್ತ ನೀ ಕೈಹಿಡದ ತೋರಿಸಿದಿ ನೋಡು, ಈಗರ ಕರಾರಿಗೆ ಸಹಿ ಹಾಕಿ ಹೋದ."

ದುರಗೇಶ ತನ್ನ ಕಾಲಡಿಯ ನೆಲ ನೋಡಿದ. "ಮತ್ತ... ಮ್ಯಾಲಿನ ಮನಿ ಚಾಚಾ?"

"ಅವರದು ದೊಡ್ಡ ಸಂಸಾರಪಾ, ಎರಡೂ ಬೇಕಂತ. ಮುಂದಿನ ತಿಂಗಳ ಬರ್ತಾರ. ನಿಮಗ ಮನಿ ಬಿಡ್ರಿ ಅಂತ ಹೆಂಗ ಹೇಳಲಿ ಅಂತ ನನಗೂ ನಿದ್ದಿ ಇರಲಿಲ್ಲ. ಮನಿ ನೀನ ಮಾರಿಕೊಟ್ಟಿ, ದೇವರ ನಿನ್ನ ಛಲೋ ಇಟ್ಟಿರಲಿ."

ದುರಗೇಶ ಡ್ರೈಯರಿನತ್ತ ನೋಡಿದ. ಮುಚ್ಚಳದ ಮೇಲೆ ಸ್ಕ್ರೂಡ್ರೈವರ್ ಇನ್ನೂ ಇತ್ತು. ಅವನ ಕೈ ಮೆಲ್ಲಗೆ ಅದರತ್ತ ಸರಿಯಿತು. ಸುರೇಖಾ ಅದಕ್ಕೂ ಮೊದಲೇ ಎತ್ತಿ ಕಪಾಟಿನಲ್ಲಿಟ್ಟಳು.

"ಬಿಡ್ರಿ," ಎಂದಳು ಸಣ್ಣ ದನಿಯಲ್ಲಿ. "ಸಹಿ ಆಗೇತಿ."

ಎಲ್ಲರೂ ನೆಲದ ಮೇಲೆ ಕುಳಿತರು. ಮೈಮುನಬಿ ಬಡಿಸಿದಳು. ಗಡಿಬಿಡಿಯಲ್ಲಿ ಊಟ ಮರೆತು ಬೆಳಗಿನಿಂದ ಉಪವಾಸವಿದ್ದ ದುರಗೇಶ ಒಂದು ಚಮಚ ಬಾಯಿಗಿಟ್ಟ. ಶಾವಿಗೆ ನಿಜಕ್ಕೂ ರುಚಿಯಾಗಿತ್ತು. ಕನಕಗಿರಿಯ ಆ ಎರಡು ಕೂಸುಗಳು ಇನ್ನು ಈ ಕೈಯಡುಗೆ ಉಣ್ಣುತ್ತವೆ ಎಂದುಕೊಂಡರೆ ಬೇಸರಪಡಲೂ ಮನಸ್ಸು ಒಪ್ಪಲಿಲ್ಲ.

"ಭಾಳ ಛಲೋ ಆಗೇತ್ರಿ ಚಾಚಿ," ಎಂದ.

ಮೈಮುನಬಿ ಅವನ ತಾಟಿಗೆ ಇನ್ನೊಂದು ಸೌಟು ಹಾಕಿದಳು. "ಹೊಟ್ಟಿ ತುಂಬ ತಿನ್ನು ಬೇಟಾ. ನಾಳಿಂದ ಮನಿ ಹುಡುಕಾಕ ಬಿಸಲಾಗ ತಿರಗಬೇಕಲಾ."