ಕೊಕ್ಕರೆಯ ಮೀನಖಂಡ

ಮಾರ್ಚ್ 12, ಗುರುವಾರ, ಬೆಳಿಗ್ಗೆ 6 ಗಂಟೆ 10 ನಿಮಿಷ. ರಾತ್ರಿ ಪಾಳಿ ಮುಗಿಸಿ ಬಾಟಲಿ ಕಾರ್ಖಾನೆಯಿಂದ ಹೊರಟಿದ್ದ ಕೊಕ್ಕರೆ, ನೋಟಿಸ್ ಬೋರ್ಡಿನ ಮುಂದೆ ಬೆಚ್ಚಿ ನಿಂತ. ಹತ್ತು ಕಿಲೋಮೀಟರ್ ಓಟದ ತಂಡಕ್ಕೆ ಆಯ್ಕೆಯಾದವರಿಗೆ ಇನ್ನು ಹಗಲು ಪಾಳಿ! ಎಂಟು ಗಂಟೆಗೆ ಮೀನಖಂಡದ ಅಳತೆ, ಆಮೇಲೆ ಓಟ.

ಅವನಿಗೆ ಮದುವೆಯಾಗಿ ಎಂಟು ತಿಂಗಳು. ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಹಗಲು ಕೆಲಸ. ಇಬ್ಬರೂ ಭೇಟಿಯಾಗುತ್ತಿದ್ದದ್ದು ಬಾಗಿಲಲ್ಲಿ, ಬೀಗದ ಕೈ ಕೊಟ್ಟು ತೆಗೆದುಕೊಳ್ಳುವಾಗ.

ಓಟದ ಭಯ ಅವನಿಗಿರಲಿಲ್ಲ. ಭಯ ಅಳತೆಯದು. ಅವನ ಮೊಣಕಾಲಿನಿಂದ ಕೆಳಗೆ ದೇವರು ಜಿಪುಣತನ ಮಾಡಿದ್ದ; ಕೊಕ್ಕರೆ ಎಂಬ ಅಡ್ಡಹೆಸರು ಬಂದದ್ದೂ ಅದಕ್ಕೇ.

"ಈ ಕಡ್ಡಿಗೆ ಟೇಪು ಯಾಕೋ, ಉಂಗುರ ಸಾಕು," ಎಂದ ಲೋಡರ್ ಅಣ್ಣ. "ಚಿಂತೆ ಬಿಡು, ಉಬ್ಬಿಸೋಣ. ತುದಿಗಾಲಲ್ಲಿ ಏಳು, ಇಳಿ!"

ಪ್ಯಾಕಿಂಗ್ ಅಕ್ಕ ಅವನ ಹೆಗಲಿಗೆ ಎರಡು ಪೆಟ್ಟಿಗೆ ಬಾಟಲಿ ಹೇರಿದಳು. "ಹೆಂಡ್ತಿ ಮುಖ ನೆನೆಸ್ಕೊಂಡು ಏಳಪ್ಪಾ!"

"ಬೆಳಕಲ್ಲಿ ಸರಿಯಾಗಿ ನೋಡಿದ್ರೆ ತಾನೇ ಅಕ್ಕಾ, ನೆನಪಾಗೋದು!"

ಎಂಟಕ್ಕೆ ತರಬೇತುದಾರ ಟೇಪು ಸುತ್ತಿದ. "ಮೂವತ್ತನಾಲ್ಕೂವರೆ. ಆಗಲ್ಲ. ಮುಂದಿನವರು ಬನ್ನಿ."

"ಇನ್ನೂ ಎಷ್ಟು ಬೇಕಿತ್ತು ಸಾರ್?"

"ಬೇಕಿತ್ತಾ? ಅರ್ಧ ಸೆಂಟಿಮೀಟರ್ ಕಮ್ಮಿ ಇರ್ಬೇಕಿತ್ತು! ಮೀನಖಂಡಕ್ಕೆ ಬಲ ಇರ್ಲಿ, ಗಾತ್ರ ಬೇಡ. ಹೆಜ್ಜೆಹೆಜ್ಜೆಗೂ ಆ ಭಾರ ಎತ್ತಿ ಬೀಸ್ಬೇಕಲ್ಲ?"

ಕೊಕ್ಕರೆ ಬಗ್ಗಿ ತನ್ನ ಉಬ್ಬಿದ ಕಾಲನ್ನು ನೋಡಿಕೊಂಡ. ಕೊನೆಗೆ ಕೂಗಿಯೇಬಿಟ್ಟ: "ಸಾರ್, ಇದು ನನ್ನ ಕಾಲಲ್ಲ!"

"ಮತ್ತೆ ಯಾರದು?"

ಬೆಳಗಿನ ಕಥೆಯೆಲ್ಲ ಕೇಳಿ ತರಬೇತುದಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗಿ, ಅರ್ಧ ಗಂಟೆ ಕಾಲು ಮೇಲೆ ಮಾಡಿ ಮಲಗಿ. ತಾನಾಗೇ ಇಳಿಯುತ್ತೆ. ಕೊನೇಲಿ ಇನ್ನೊಂದ್ಸಲ ಅಳೀತೀನಿ."

ಗೋದಾಮಿನ ಗೋಡೆಗೆ ಕಾಲು ಒರಗಿಸಿದ್ದೇ ತಡ, ರಾತ್ರಿಯಿಡೀ ನಿಂತಿದ್ದ ಕೊಕ್ಕರೆಗೆ ಸತ್ತಂತೆ ನಿದ್ದೆ ಬಂತು.

ಲೋಡರ್ ಅಣ್ಣ ಕಣ್ಣು ಒರೆಸಿಕೊಂಡ. "ಉಬ್ಬಿಸಿದ್ದು ನಾವು. ಇಳಿಸೋದೂ ನಾವೇ. ಏನಂತೀಯಮ್ಮಾ?"

"ಸುಮ್ನೆ ಮಲಗಿದ್ರೆ ಇಳಿಯುತ್ತಾ? ನೀವು ಎಡಗಾಲು ಹಿಡ್ಕೊಳ್ಳಿ," ಎಂದಳು ಅಕ್ಕ. ಬಿಸಿನೀರು ಬಂತು, ನೋವಿನ ಎಣ್ಣೆ ಬಂತು. ಇಬ್ಬರೂ ಸೇರಿ ಕಲ್ಲಿನ ಮೇಲೆ ಕಂಬಳಿ ಒಗೆದಂತೆ ಆ ಕಾಲುಗಳನ್ನು ತಿಕ್ಕಿದರು, ಗುದ್ದಿದರು, ಹಿಂಡಿದರು.

ಅರ್ಧ ಗಂಟೆಗೆ ಕೊಕ್ಕರೆ ಕಿರುಚಿಕೊಂಡು ಎದ್ದ. ಕುಂಟುತ್ತಾ ಬಂದು ಟೇಪಿನ ಮುಂದೆ ನಿಂತ. ಟೊಮೆಟೊದಂತೆ ಕೆಂಪಾಗಿದ್ದ ಮೀನಖಂಡವನ್ನು ತರಬೇತುದಾರ ನಂಬಲಾರದೆ ಎರಡು ಸಲ ಅಳೆದ.

ಮೂವತ್ತಾರು ಸೆಂಟಿಮೀಟರ್.