ಎರವಿನ ಗಿಟಾರು

ರವಿವಾರ ಮುಂಜಾನೆ ಹೆಡ್‌ಕ್ಲಾರ್ಕ್ ರಮಾಕಾಂತರ ಮಗಳು ಮಂದಾಕಿನಿ, ಬಾವಿಯ ಗಾಲಿ ತಿರುವಿದ ಹಾಗೆ ಗಿಟಾರಿನ ಕಿವಿ ತಿರುವಿದಳು. ತಂತಿ ಠಣ್ಣೆಂದು ಹರಿದು ಅವಳ ತಾಯಿ ಲಕ್ಷ್ಮೀಬಾಯಿಯ ಮೂಗಿನ ಮುಂದೆಯೇ ಹಾದುಹೋಯಿತು. ಬೇರೆ ದಿನವಾಗಿದ್ದರೆ ಮೂಗು ಉಳಿಯಿತೆಂದು ಸಮಾಧಾನಪಡಬಹುದಿತ್ತು. ಆದರೆ ಅಂದು ಹುಬ್ಬಳ್ಳಿಯಿಂದ ಮಂದಾಕಿನಿಯನ್ನು ನೋಡಲು ಬರುವವರಿದ್ದರು. ಗಂಡಿನ ತಾಯಿ ಮೊದಲೇ ಹೇಳಿ ಕಳಿಸಿದ್ದಳು: ಹುಡುಗಿಯ ಬಣ್ಣ ತುಸು ಕಮ್ಮಿಯಿದ್ದರೂ ನಡೆದೀತು, ಗಿಟಾರು ಮಾತ್ರ ಬರಲೇಬೇಕು.

ಆಗ ಧಾರವಾಡಕ್ಕೆ ಗಿಟಾರಿನ ಹುಚ್ಚು ಹಿಡಿದಿತ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಾರ್ಮೋನಿಯಂ ಮೂಲೆ ಸೇರಿ, ಅದರ ಜಾಗದಲ್ಲಿ ಗಿಟಾರು ಬಂದು ಕೂತಿತ್ತು. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ವಾದ್ಯ. ಬಾಯಿ ತೆರೆಯಬೇಕಾಗಿಲ್ಲ, ತಲೆ ಎತ್ತಬೇಕಾಗಿಲ್ಲ. ಹೀಗಾಗಿ ಗಂಡಿನ ಕಡೆಯವರಿಗೆ ಅದು ಬಹಳ ಹಿಡಿಸಿತ್ತು. ಸಂಜೆಯಾದರೆ ಮಾಳಮಡ್ಡಿಯಿಂದ ಸಪ್ತಾಪುರದವರೆಗೆ ಮನೆಮನೆಯಲ್ಲೂ ಹುಡುಗಿಯರು ತಂತಿಗೆ ಉಕ್ಕು ತಿಕ್ಕುವ ಸಪ್ಪಳ. ಸಾಣೆ ಹಿಡಿಯುವವನು ಬಂದನೆಂದು ಮುದುಕಿಯರು ಈಳಿಗೆ ಹಿಡಿದುಕೊಂಡು ಹೊರಗೆ ಬರುವುದೂ ಇತ್ತು.

"ಇವತ್ತ ಅಂಗಡಿ ಬಂದ್. ತಂತಿ ಎಲ್ಲಿಂದ ತರಲಿ?" ಎಂದು ರಮಾಕಾಂತರು ತಲೆಯ ಮೇಲೆ ಕೈ ಹೊತ್ತರು.

ಗೋಡೆಯಾಚೆಯಿಂದ ಪಕ್ಕದ ಮನೆಯ ಶೇವಂತೆವ್ವನ ತಲೆ ಮೂಡಿತು. ಆ ಸಾಲಿನಲ್ಲಿ ಯಾರ ಒಗ್ಗರಣೆಗೆ ಸಾಸಿವೆ ಕಡಿಮೆಯಾಯಿತೆಂಬುದೂ ಆಕೆಗೆ ಗೊತ್ತಾಗುತ್ತಿತ್ತು.

"ಅದಕ್ಯಾಕ ಚಿಂತಿ ಮಾಡ್ತೀರಿ ಸಾಹೇಬ್ರ? ಕಡೀ ಮನಿ ಮಹಾದೇವಪ್ಪನ ಮಗಳ ಹಂತ್ಯಾಕ ಐತಲ್ರಿ ಗಿಟಾರ."

ಲಕ್ಷ್ಮೀಬಾಯಿ ಗಂಡನ ಮುಖ ನೋಡಿದಳು. ರಮಾಕಾಂತರು ಹರಿದ ತಂತಿಯ ಮುಖ ನೋಡಿದರು.

ಅದು ಸರ್ಕಾರಿ ಕ್ವಾರ್ಟರ್ಸಿನ ಸಾಲು. ಸರ್ಕಾರ ಜಾತಿ ನೋಡದೆ ಮನೆ ಹಂಚಿತ್ತು. ಉಳಿದದ್ದನ್ನು ನೆರೆಹೊರೆಯವರು ನೋಡಿಕೊಳ್ಳುತ್ತಿದ್ದರು. ಕಡೆಯ ಮನೆಯ ಮಹಾದೇವಪ್ಪ ರಮಾಕಾಂತರ ಕೈಕೆಳಗಿನ ಗುಮಾಸ್ತ. ಗರಗದ ಕಡೆಯ ಹಳ್ಳಿಯೊಂದರ ಹೊಲಗೇರಿಯಲ್ಲಿ ಹುಟ್ಟಿ, ಓದಿ, ನೌಕರಿ ಹಿಡಿದವನು. ಕೆಲವು ವರ್ಷಗಳ ಹಿಂದೆ ಬೌದ್ಧನಾಗಿ ಮನೆಯಲ್ಲಿ ಬುದ್ಧನ ಪಟ ಹಾಕಿದ್ದ. ಸಾಲಿನವರೆಲ್ಲ ಆ ಪಟವನ್ನು ಕಿಟಕಿಯಿಂದ ನೋಡಿದ್ದರು. ಒಳಗೆ ಬಂದು ನೋಡಿದವರು ಯಾರೂ ಇರಲಿಲ್ಲ.

ಅವನ ಮಗಳು ಸಾವಕ್ಕನಿಗೆ ಚಿಕ್ಕಂದಿನಿಂದ ಸಂಗೀತದ ಆಸೆ. ಓಣಿಯ ಸಂಗೀತದ ಮಾಸ್ತರು ಬಿಂದುಮಾಧವರ ಹತ್ತಿರ ಕರೆದೊಯ್ದಾಗ ಅವರು, "ಧ್ವನಿ ಒರಟದ, ಸಂಗೀತಕ್ಕ ಒಗ್ಗೂದಿಲ್ಲ" ಎಂದಿದ್ದರು. ಹುಡುಗಿ ಇನ್ನೂ ಬಾಯಿ ತೆರೆದಿರಲಿಲ್ಲ. ಮಹಾದೇವಪ್ಪ ನಮಸ್ಕಾರ ಮಾಡಿ ಮಗಳನ್ನು ಹಿಂದಕ್ಕೆ ಕರೆತಂದ. ಆಮೇಲೆ ಹುಬ್ಬಳ್ಳಿಯ ರೇಲ್ವೆ ಗಾರ್ಡೊಬ್ಬನ ಹೆಂಡತಿ ರೋಜಿಬಾಯಿ ಸಿಕ್ಕಳು. ಗಿಟಾರು ಪರದೇಶದ್ದು, ಅದಕ್ಕೆ ಮಡಿ ಹೇಳಿಕೊಡಲು ಯಾರಿಗೂ ಇನ್ನೂ ಪುರಸೊತ್ತಾಗಿರಲಿಲ್ಲ. ರೋಜಿಬಾಯಿ ಸಾವಕ್ಕನಿಗೆ ಮನಸಾರೆ ಕಲಿಸಿದಳು. ಊರು ಬಿಡುವಾಗ ತನ್ನ ಗಿಟಾರನ್ನೇ ಅವಳ ಮಡಿಲಿಗೆ ಹಾಕಿ ಹೋದಳು. ಹೋಗುವ ಮುಂಚೆ ಹುಬ್ಬಳ್ಳಿಯ ಮಹಿಳಾ ಮಂಡಳವೊಂದಕ್ಕೆ ಮಾತೂ ಹಾಕಿದ್ದಳು. ಮಂಡಳದವರಿಗೆ ಹೆಣ್ಣುಮಕ್ಕಳಿಗೆ ಗಿಟಾರು ಕಲಿಸುವ ಶಿಕ್ಷಕಿ ಬೇಕಾಗಿತ್ತು. ಈ ರವಿವಾರವೇ ಸಂಜೆ ಬಾ, ಅಧ್ಯಕ್ಷರು ಸ್ವತಃ ಕೇಳಿ ಆರಿಸುತ್ತಾರೆ ಎಂದು ಸಾವಕ್ಕನಿಗೆ ಹೇಳಿ ಕಳಿಸಿದ್ದರು.

ಅಂಥ ರವಿವಾರ ರಮಾಕಾಂತರು ಮಹಾದೇವಪ್ಪನ ಬಾಗಿಲಿಗೆ ಬಂದರು. ಆಫೀಸಿನಲ್ಲಿ ಅವರು ಅವನನ್ನು ಕರೆಯುತ್ತಿದ್ದುದು ಗಂಟೆ ಬಾರಿಸಿ.

"ಮಹಾದೇವಪ್ಪನವರ, ಒಂದ ಉಪಕಾರ ಆಗಬೇಕಲ್ರಿ!"

‘ನವರ’ ಎಂಬುದನ್ನು ಕೇಳಿ ಮಹಾದೇವಪ್ಪ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. ವಿಷಯ ತಿಳಿದ ಮೇಲೆ ಅವನ ಹೆಂಡತಿ ಗುಡ್ಡವ್ವ ಬಾಗಿಲ ಮರೆಯಿಂದ ಕೈ ಅಲ್ಲಾಡಿಸಿ ಬೇಡವೆಂದಳು. ಸಾವಕ್ಕ ಮೆಲ್ಲಗೆ, "ಅಪ್ಪಾ, ಮೂರರ ಗಾಡಿಗೆ ಹೋಗಬೇಕು" ಎಂದಳು.

"ಅಯ್ಯ, ಅವರು ಹನ್ನೊಂದಕ್ಕ ಬಂದು ಊಟದೊಳಗ ಹೋಗ್ತಾರ" ಎಂದರು ರಮಾಕಾಂತರು. ಮಹಾದೇವಪ್ಪನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದಕ್ಕೆ ಶಿಫಾರಸು ಬರೆಯಬೇಕಾದವರು ಇವರೇ. ಗಿಟಾರು ಹೋಯಿತು.

ಅರ್ಧ ತಾಸಿನಲ್ಲಿ ಶೇವಂತೆವ್ವ ಓಡುತ್ತ ಬಂದಳು. "ಸಾವಕ್ಕಾ, ಲಗೂ ಬಾ! ಗಿಟಾರ ಬ್ಯಾನಿ ಬಂದ ಎಮ್ಮಿ ಹಂಗ ನರಳಾಕತ್ತೈತಿ!"

ಆದದ್ದಿಷ್ಟು. ಗಿಟಾರು ಬಂದ ಮನೆ ಯಾವುದೆಂದು ನೆನೆದು ಲಕ್ಷ್ಮೀಬಾಯಿ ಅದನ್ನು ಬಾಗಿಲಲ್ಲೇ ನಿಲ್ಲಿಸಿ, ತುಳಸಿಯ ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಕಿವಿ, ಕುತ್ತಿಗೆ, ಹೊಟ್ಟೆ ಎಲ್ಲ ತಿಕ್ಕಿ ತೊಳೆದಿದ್ದಳು. ಹಸುಗೂಸಿಗೂ ಆಕೆ ಅಷ್ಟು ಶ್ರದ್ಧೆಯಿಂದ ಎರೆದಿರಲಿಲ್ಲ. ಗಿಟಾರು ಶುದ್ಧವಾಯಿತು, ಶ್ರುತಿ ಹೋಯಿತು.

ಸಾವಕ್ಕ ರಮಾಕಾಂತರ ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿ ಗಿಟಾರನ್ನು ಹೊರಗೆ ತಂದು ಕೊಟ್ಟರು. ಅವಳು ನೀರು ಒರೆಸಿ, ಕಿವಿಗೊಟ್ಟು, ಒಂದೊಂದೇ ತಂತಿಯನ್ನು ಸರಿಮಾಡಿದಳು. ಮತ್ತೆ ಗಿಟಾರು ಒಳಗೆ ಹೋಯಿತು. ಲಕ್ಷ್ಮೀಬಾಯಿ ಮತ್ತೆ ನೀರಿನ ತಂಬಿಗೆ ಎತ್ತಿಕೊಂಡಳು.

"ಅವ್ವಾ, ಸಾಕ!" ಎಂದು ಮಂದಾಕಿನಿ ಅಳುಮೋರೆ ಮಾಡಿ ತಡೆದಳು. ಅವಳು ಗಿಟಾರು ಹಿಡಿದು ಒಂದು ತಿಂಗಳೂ ಆಗಿರಲಿಲ್ಲ. ಒಂದೇ ಒಂದು ಧಾಟಿ ಬರುತ್ತಿತ್ತು, ಅದೂ ಅರ್ಧ.

ಹನ್ನೊಂದಕ್ಕೆ ಬೀಗರು ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ದಾರಿಯಲ್ಲಿ ಕಾರಿನ ಗಾಲಿ ಪಂಕ್ಚರ್ ಆಗಿದೆಯೆಂಬ ಸುದ್ದಿ ಬಂತು. ಮಹಾದೇವಪ್ಪನ ಬಾಗಿಲಲ್ಲಿ ಇಮಾಮಹುಸೇನನ ಟಾಂಗಾ ಬಂದು ನಿಂತಿತು. ಮಹಾದೇವಪ್ಪ ಕೋಟು ಹಾಕಿಕೊಂಡು ರಮಾಕಾಂತರ ಬಾಗಿಲಿಗೂ ಟಾಂಗಾಕ್ಕೂ ನಡುವೆ, ಕಟ್ಟಿಹಾಕಿದ ಗಾಣದೆತ್ತಿನಂತೆ ಸುತ್ತತೊಡಗಿದ.

"ಗಿಟಾರ ಇಲ್ದ ಹೋಗೂಣೇನ್ ಸಾಬ್?" ಎಂದ ಇಮಾಮಹುಸೇನ. "ಸ್ಟೇಶನ್ ತನಕಾ ಬಿಡ್ತೇನಿ, ಮುಂದ ನೀವು ಬಾಯಿಲೆ ನುಡಸ್ರಿ."

ಎರಡು ಗಂಟೆ ದಾಟಿದ ಮೇಲೆ ಕಾರು ಬಂತು. ಅದರಿಂದ ಗಂಡಿನ ತಾಯಿ ತುಂಗಾಬಾಯಿ ಇಳಿದಳು. ಹಿಂದೆ ಮಗ ಇಳಿದದ್ದು ಯಾರಿಗೂ ಅಷ್ಟಾಗಿ ಕಾಣಲಿಲ್ಲ. ಸಂಗೀತ ಬಲ್ಲವರೊಬ್ಬರು ಪಕ್ಕದಲ್ಲಿರಲೆಂದು ಬಿಂದುಮಾಧವ ಮಾಸ್ತರನ್ನೂ ಕರೆಸಿ ಕೂರಿಸಿದ್ದರು.

ಮಂದಾಕಿನಿ ನುಡಿಸಿದಳು. ಬಾಗಿಲ ಸಂದಿಯಲ್ಲಿ ಬಾಲ ಸಿಕ್ಕಿಸಿಕೊಂಡ ಬೆಕ್ಕು ಮೊದಲು ಬೇಡಿಕೊಂಡು, ಆಮೇಲೆ ಬೈದು, ಕಡೆಗೆ ಪ್ರಾಣ ಬಿಟ್ಟಂತೆ ಕೇಳಿಸಿತು. ಹೊರಗೆ ಟಾಂಗಾದ ಕುದುರೆ ಕಿವಿ ನಿಮಿರಿಸಿತು. ಸಾವಕ್ಕ ಹಿತ್ತಲ ಗೋಡೆಯ ಮಗ್ಗುಲಲ್ಲಿ ನಿಂತು ಹಲ್ಲು ಕಚ್ಚಿದಳು.

ತುಂಗಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎಷ್ಟ ಕರುಣಾ ಅದರೀ! ಗಿಟಾರ ಅಂದ್ರ ಹಿಂಗ ಅಳಬೇಕು."

"ಗಿಟಾರನೂ ಅಂಥಾದ್ದ ಅದರಿ. ಮಗಳಿಗೆ ಅಂತ ಮುಂಬಯಿಂದ ತರಿಸೇನಿ" ಎಂದರು ರಮಾಕಾಂತರು, ಹುರುಪಿನಲ್ಲಿ.

ಶಿರಾ ಬಂತು, ಉಪ್ಪಿಟ್ಟು ಬಂತು, ಚಹ ಬಂತು. ಗಾಡಿಯ ವೇಳೆಯೂ ಬಂತು. ಇಮಾಮಹುಸೇನ ಚಾಬೂಕಿನಿಂದ ಗಾಲಿಗೆ ಬಡಿದು ಎಚ್ಚರಿಸಿದ. ಮಹಾದೇವಪ್ಪ ಧೈರ್ಯ ಮಾಡಿ, ಚಪ್ಪಲಿ ಕಳಚಿ, ರಮಾಕಾಂತರ ಪಡಸಾಲೆಯ ಹೊಸ್ತಿಲಲ್ಲಿ ನಿಂತ.

"ಸಾಹೇಬ್ರ... ಗಿಟಾರ..."

ಪಡಸಾಲೆಯೆಲ್ಲ ಅವನತ್ತ ತಿರುಗಿತು. "ಯಾರಿವರು?" ಎಂದಳು ತುಂಗಾಬಾಯಿ.

ರಮಾಕಾಂತರ ಗಂಟಲಲ್ಲಿ ಉಪ್ಪಿಟ್ಟು ನಿಂತಿತು. "ಇವರಾ? ನಮ್ಮ ಆಫೀಸಿನವರ್ರಿ. ಇವರ ಮಗಳು ನಮ್ಮ ಮಂದಾನ ಹತ್ರ ಗಿಟಾರ ಕಲೀತಾಳ. ಆಗೀಗ ಎರವು ಒಯ್ತಿರ್ತಾರ. ಹೌದಲ್ರೀ ಮಹಾದೇವಪ್ಪ?"

ಅವರು ಚಾಳೀಸು ಕನ್ನಡಕದ ಮೇಲಿಂದ ನೋಡಿದರು. ಆಫೀಸಿನಲ್ಲಿ ರಜೆ ಕೇಳಿದಾಗ ನೋಡುವ ನೋಟ ಅದು. ಮಹಾದೇವಪ್ಪ ಅಲ್ಲವೆನ್ನಬೇಕೆಂದಿದ್ದ. ಆದರೆ ಹೊರಗೆ ಗಾಡಿಯ ಹೊತ್ತು ಮೀರುತ್ತಿತ್ತು. ಒಂದು ‘ಹೌದು’ ಅಂದರೆ ಗಿಟಾರು ಕೈಗೆ ಬರುತ್ತದೆ. ಸುಳ್ಳು ಇವರ ಮನೆಯದು, ಇಲ್ಲೇ ಬಿದ್ದಿರಲಿ ಎಂದುಕೊಂಡ.

"ಹೌದ್ರಿ. ಎರವು" ಎಂದ. "ಲಗೂನ ಬೇಕಾಗಿತ್ರಿ. ಮಗಳನ್ನ ಹುಬ್ಬಳ್ಳಿ ಮಹಿಳಾ ಮಂಡಳದವರು ಕರದಾರ್ರಿ. ಗಿಟಾರ ಕಲಸೋ ನೌಕರಿ ಐತಂತ. ಅಧ್ಯಕ್ಷರು ಸಂಜೀಕ ಕೇಳ್ತಾರಂತ..."

ತುಂಗಾಬಾಯಿ ಬಟ್ಟಲು ಕೆಳಗಿಟ್ಟು ಗಹಗಹಿಸಿ ನಕ್ಕಳು. "ಅಯ್ಯ, ಅಲ್ಲಿ ಅಧ್ಯಕ್ಷಿಣಿ ನಾನ ಅಲ್ಲೇನ್ರಿ! ನಾನ ಇಲ್ಲಿ ಕೂತಿರುವಾಗ ನೀವು ಅಲ್ಲಿಗೆ ಯಾಕ ಓಡ್ತೀರಿ? ಕರೀರಿ ನಿಮ್ಮ ಮಗಳನ್ನ, ಇಲ್ಲೇ ಕೇಳೋಣ!"

ಮಹಾದೇವಪ್ಪನಿಗೆ ಕಾಲು ನೆಲದ ಮೇಲಿಲ್ಲದಂತಾಯಿತು. ಮುಂಜಾನೆಯಿಂದ ಪಟ್ಟದ್ದೆಲ್ಲ ಒಳ್ಳೆಯದಕ್ಕೇ ಆಯಿತಲ್ಲ ಎಂದು ಓಡಿಹೋಗಿ ಮಗಳನ್ನು ಕರೆತಂದ. ಆಡಿದ ಸುಳ್ಳನ್ನು ಅವಳಿಗೆ ಹೇಳಲು ಆ ಅವಸರದಲ್ಲಿ ನೆನಪಾಗಲಿಲ್ಲ.

ಲಕ್ಷ್ಮೀಬಾಯಿ ಅವಸರದಿಂದ ಎದ್ದು ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದಳು.

"ಹೊರಗ ಯಾಕ್ರಿ?" ಎಂದಳು ತುಂಗಾಬಾಯಿ. ಲಕ್ಷ್ಮೀಬಾಯಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ತುಂಗಾಬಾಯಿ ತಲೆಯಾಡಿಸಿದಳು. "ನಮ್ಮ ಮಂಡಳದಾಗ ಅಂಥಾ ಭೇದ-ಭಾವ ಏನೂ ಇಲ್ಲ ನೋಡ್ರಿ. ಆದ್ರ ಇರಲಿ, ಕಟ್ಟೀ ಮ್ಯಾಲೆ ಗಾಳಿ ಛಲೋ ಬರ್ತದ."

ಸಾವಕ್ಕ ಕಟ್ಟೆಯ ಮೇಲೆ ಕೂತಳು. ತನ್ನ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, ಶ್ರುತಿಯನ್ನು ಕೂದಲೆಳೆಯಷ್ಟು ತಿದ್ದಿ, ಭೀಮಪಲಾಸಿ ರಾಗವನ್ನು ಹಿಡಿದಳು. ಮಧ್ಯಾಹ್ನದ ಬಿಸಿಲಿನಲ್ಲಿ ಸ್ವರಗಳು ಒಂದರ ಹಿಂದೊಂದು ತಮ್ಮ ಮನೆಗೆ ತಾವೇ ಬಂದಂತೆ ಬಂದವು. ಶೇವಂತೆವ್ವ ಗೋಡೆಯ ಮೇಲೆ ಗದ್ದವೂರಿ ಮೊದಲ ಸಲ ಸುಮ್ಮನಾದಳು. ಬಿಂದುಮಾಧವ ಮಾಸ್ತರ ಬೆರಳು ತನಗೆ ತಾನೇ ತೊಡೆಯ ಮೇಲೆ ತಾಳ ಹಾಕತೊಡಗಿತು; ಅವರು ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡರು. ಮಹಾದೇವಪ್ಪ ಅಂಗಳದಲ್ಲಿ ನಿಂತು, ಇಷ್ಟು ಸಾಕು, ಇನ್ನು ಯಾರೂ ಇಲ್ಲವೆನ್ನಲಾರರು ಎಂದುಕೊಂಡ.

ನುಡಿಸುವುದು ಮುಗಿಯಿತು.

"ಅಬ್ಬಾ!" ಎಂದಳು ತುಂಗಾಬಾಯಿ. ಎದ್ದು ಬಂದಳು. ಸಾವಕ್ಕನ ಕಡೆಗಲ್ಲ, ಮಂದಾಕಿನಿಯ ಕಡೆಗೆ. ಅವಳ ಗದ್ದ ಹಿಡಿದೆತ್ತಿದಳು. "ಏನ್ ಕಲಿಸಿಯವ್ವಾ ತಾಯಿ! ಶಿಷ್ಯೇನ ಇಷ್ಟ ಛಂದ ನುಡಸಿದ್ರ ಗುರು ಎಂಥಾಕಿ ಇರಬೇಕು! ಇಂಥಾ ಸೊಸಿ ಮನಿಗೆ ಬರೂ ಮುಂದ ನಾ ಯಾಕ ಹೊರಗ ಶಿಕ್ಷಕೀನ ಹುಡುಕಲಿ? ಮಂಡಳದಾಗ ನೀನ ಕಲಸು."

ಸಾವಕ್ಕ ಎದ್ದು ನಿಂತಳು. "ನಾ ಈಕಿ ಹಂತ್ಯಾಕ ಕಲತಿಲ್ರಿ. ಈ ಗಿಟಾರ ನಂದ್ರಿ!"

"ಗುರುವನ್ನ ಅಲ್ಲಗಳೀಬಾರದು ಮಗಳ" ಎಂದಳು ತುಂಗಾಬಾಯಿ, ಸಮಾಜಸೇವೆಯ ಮೆತ್ತಗಿನ ದನಿಯಲ್ಲಿ. "ನಿಮ್ಮಪ್ಪನ ಈಗ ಹೇಳಿದ್ರಲ್ಲ."

ಸಾವಕ್ಕ ತಂದೆಯತ್ತ ನೋಡಿದಳು. "ಅಪ್ಪಾ?"

ಮಹಾದೇವಪ್ಪ ಬಾಯಿ ತೆರೆದ. ರಮಾಕಾಂತರ ಚಾಳೀಸು ಮಿಂಚಿತು. ಅದರಾಚೆ ಮಂದಾಕಿನಿ ಸೆರಗಿನ ತುದಿ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಸಾವಕ್ಕನನ್ನೇ ಬೇಡುವಂತೆ ನೋಡುತ್ತಿದ್ದಳು. "ಗುರುವಿನ ಅಂತಃಕರಣ ನೋಡ್ರಿ" ಎಂದಳು ತುಂಗಾಬಾಯಿ. ಮಹಾದೇವಪ್ಪ ಏನಾದರೂ ಅನ್ನುವಷ್ಟರಲ್ಲಿ ಆಕೆ ಬಿಂದುಮಾಧವರತ್ತ ತಿರುಗಿದಳು.

"ನೀವು ಬಲ್ಲವರು. ಹೇಳ್ರಿ ಮಾಸ್ತರ, ಹೆಂಗದ?"

ಮಾಸ್ತರು ಕೈಯಲ್ಲಿ ಹಿಡಿದಿಟ್ಟ ಬೆರಳನ್ನು ನೋಡಿಕೊಂಡರು, ಗಂಟಲು ಸರಿಮಾಡಿಕೊಂಡರು. "ಹ್ಞಾಂ... ಗುರುವಿನ ತಯ್ಯಾರಿ ಕಾಣ್ತದರಿ" ಎಂದರು.

ಅಲ್ಲಿಗೆ ತೀರ್ಪಾಯಿತು. ಇನ್ನು ಮಹಾದೇವಪ್ಪ ಖರೇ ಹೇಳಿದರೆ ಅದೇ ಸುಳ್ಳೆನಿಸುವ ಹಾಗಿತ್ತು. ಸಾವಕ್ಕ ಗಿಟಾರು ಎತ್ತಿಕೊಂಡು ಯಾರಿಗೂ ಕೈ ಮುಗಿಯದೆ ಅಂಗಳ ದಾಟಿದಳು.

"ಒಯ್ಯಲಿ ಬಿಡ್ರಿ, ಹುಡುಗಿ" ಎಂದು ತುಂಗಾಬಾಯಿ ರಮಾಕಾಂತರಿಗೆ ಸಮಾಧಾನ ಹೇಳಿದಳು. "ನಾಳೆ ತಂದು ಕೊಡ್ತಾಳ."

ಕಾರು ಹೋದ ಮೇಲೆ ರಮಾಕಾಂತರು ಬೇವಿನ ಗಿಡದ ಕೆಳಗೆ ಮಹಾದೇವಪ್ಪನ ಹೆಗಲ ಮೇಲೆ ಕೈ ಹಾಕಿದರು. ಅವನ ಸರ್ವಿಸಿನಲ್ಲೇ ಅದು ಮೊದಲು. ಕಾಯಂ ನೌಕರಿಯ ಶಿಫಾರಸನ್ನೂ ನೆನಪಿಸಿ, ಮಾತು ಮುಗಿಸಿ ಅವರು ಒಳಗೆ ಹೋದರು. ಆಮೇಲೆ ಅವರ ಬಚ್ಚಲಲ್ಲಿ ನೀರು ಸುರಿದ ಸಪ್ಪಳ ಕೇಳಿಸಿತು.

"ಈಗ ಎಲ್ಲೀಗ್ ಸಾಬ್?" ಎಂದ ಇಮಾಮಹುಸೇನ.

"ಎಲ್ಲೀಗೂ ಇಲ್ಲಪಾ" ಎಂದ ಮಹಾದೇವಪ್ಪ.

ಮನೆಯಲ್ಲಿ ಗುಡ್ಡವ್ವ ಒಲೆಯ ಮುಂದೆ ಕೂತು ಗಂಡನನ್ನು ಬಿಟ್ಟು ಮಗಳನ್ನು ಬೈಯಲು ಹಿಡಿದುಕೊಂಡಿದ್ದಳು. "ನೀ ಅಷ್ಟ ಛಂದ ಯಾಕ ನುಡಸಿದ್ಯ? ಒಂದೀಟ ಕೆಟ್ಟ ನುಡಸಿದ್ರ ಆ ಹುಡುಗಿ ಗುರುತನಾ ಅಲ್ಲೇ ಮುಗೀತಿತ್ತು!"

"ಕೆಟ್ಟ ನುಡಸೂದು ನನಗ ಬರೂದಿಲ್ಲವ್ವಾ" ಎಂದಳು ಸಾವಕ್ಕ. ಗೋಡೆಯ ಕಡೆ ಮುಖ ಮಾಡಿಕೊಂಡು ತಂತಿ ಸಡಿಲಿಸುತ್ತಿದ್ದಳು.

ಮಹಾದೇವಪ್ಪ ಕೋಟು ಕಳಚಿ ಗೂಟಕ್ಕೆ ಹಾಕಿದ. ನೀರು ಕುಡಿದ. ಮತ್ತೊಂದು ಸಲ ಕುಡಿದ. ನಾಳೆಯಿಂದ ಮಂದಾಕಿನಿ ಹಿತ್ತಲ ಬಾಗಿಲಿನಿಂದ ಪಾಠಕ್ಕೆ ಬರುವಳೆಂಬುದನ್ನು, ಮದುವೆಯೊಳಗೆ ಸಾವಕ್ಕ ಅವಳನ್ನು ಶಿಕ್ಷಕಿಯನ್ನಾಗಿ ತಯಾರು ಮಾಡಬೇಕೆಂಬುದನ್ನು, ಅದಕ್ಕೆ ತಾನು ಹ್ಞೂಂ ಅಂದು ಬಂದಿರುವೆನೆಂಬುದನ್ನು ಅವನು ಇನ್ನೂ ಮಗಳಿಗೆ ಹೇಳಬೇಕಾಗಿತ್ತು.