ಓವನ್ ರಿಪೇರಿಯವನ ತಟ್ಟೆಗೆ ಬಿದ್ದ ಗಿಜರ್ಡ್

"ಈ ಮನೆಯಲ್ಲಿ ಇನ್ನು ಮುಂದೆ ಆ ಓವನ್ ಇರಬೇಕು, ಇಲ್ಲ ನಾನಿರಬೇಕು!"

ಎನುಗು ನಗರದ ಪ್ರೌಢಶಾಲೆಯೊಂದರ ಉಪಪ್ರಾಂಶುಪಾಲರೂ, ಇಪ್ಪತ್ತೆಂಟು ವರ್ಷಗಳಿಂದ ಭೌತಶಾಸ್ತ್ರದ ಬೋಧಕರೂ ಆದ ಎಜೆನ್ವಾ ಮೇಷ್ಟ್ರು ಈ ಐತಿಹಾಸಿಕ ಘೋಷಣೆಯನ್ನು ಹೊರಡಿಸಿದ್ದು ಜುಲೈ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನದ ಊಟ ಮುಗಿದ ಹತ್ತನೆಯ ನಿಮಿಷಕ್ಕೆ ಸರಿಯಾಗಿ. ಅವರ ಹೆಂಡತಿ ಉಲೋಮಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಓವನ್ ಆದರೆ ಕೇಕ್ ಬೇಯಿಸುತ್ತೆ," ಎಂದರು. "ಯೋಚನೆ ಮಾಡಿ ಹೇಳ್ತೀನಿ, ಊಜು ಅಪ್ಪ."

ಊಜು ಎಂಬುದು ಅವರ ಮಗಳ ಹೆಸರು. ಆಕೆ ಕಾಲೇಜಿನ ಹಾಸ್ಟೆಲಿನಲ್ಲಿದ್ದುದರಿಂದ ಈ ಮಹಾಯುದ್ಧದ ಉದ್ದಕ್ಕೂ ಸಂಧಾನಕ್ಕೆ ಯಾರೂ ಸಿಗಲಿಲ್ಲ.

ವಿಚಿತ್ರವೆಂದರೆ, ಅದರ ಹಿಂದಿನ ದಿನದವರೆಗೂ ರಿಪೇರಿ ಪಕ್ಷದ ಸಂಸ್ಥಾಪಕ ಅಧ್ಯಕ್ಷರು ಇದೇ ಮೇಷ್ಟ್ರು! ಗ್ಯಾಸ್ ಓವನ್ನು ಅವರ ಸಂಸಾರದಷ್ಟೇ ಹಳೆಯದು. ಇಟಲಿಯ ಯಾವುದೋ ಅಡುಗೆಮನೆಯಲ್ಲಿ ದುಡಿದು ನಿವೃತ್ತಿ ಹೊಂದಿ, ಹಡಗು ಹತ್ತಿ ಬಂದು, ಇವರಲ್ಲಿ ಎರಡನೆಯ ನೌಕರಿಗೆ ಸೇರಿದ ತೊಕುಂಬೊ, ಎಂದರೆ ಹೊರದೇಶದಲ್ಲಿ ಬಳಸಿ ಬಿಟ್ಟ ಮಾಲು. ಮೂರು ತಿಂಗಳಿಂದ ಅದಕ್ಕೊಂದು ಚಾಳಿ ಅಂಟಿತ್ತು. ಹೊತ್ತಿಸಿ ಗುಂಡಿಯಿಂದ ಕೈ ತೆಗೆದರೆ ಸಾಕು, ಜ್ವಾಲೆ ಒಮ್ಮೆ ಕಣ್ಣು ಮಿಟುಕಿಸಿ ನಂದಿಹೋಗುತ್ತಿತ್ತು.

ಇತ್ತ ಆಗಸ್ಟ್ ಹತ್ತಿರವಾಗುತ್ತಿತ್ತು. ಎಲ್ಲೆಲ್ಲೋ ನೆಲೆಸಿದ ಹೆಂಗಸರೆಲ್ಲ ಗಂಡನ ಹುಟ್ಟೂರಿಗೆ ಮರಳಿ ಸಭೆ ಸೇರುವ ತಿಂಗಳದು. ಈ ಸಲದ ತಿಂಡಿಯ ಹೊಣೆ ಎನುಗು ಶಾಖೆಯದು, ಶಾಖೆಯ ಹೊಣೆ ಉಲೋಮಾ ಅವರದು. ಮುನ್ನೂರು ಮಾಂಸದ ಪೈ, ಆರು ಕೇಕು. ಹೋದ ವರ್ಷ ಲಾಗೋಸ್ ಶಾಖೆಯವರು ತಂದಿದ್ದ ಕೇಕನ್ನು ಊರಿನವರು ಇನ್ನೂ ಹೊಗಳುತ್ತಿದ್ದರು. ಆ ಹೊಗಳಿಕೆ ಉಲೋಮಾ ಅವರ ಕಿವಿಯಲ್ಲಿ ಇನ್ನೂ ಕುದಿಯುತ್ತಿತ್ತು.

"ಹೊಸ ಓವನ್ ತಂದುಬಿಡೋಣ," ಎಂದು ಅವರು ಕೇಳಿದ್ದರು.

"ಹೊಸದಾ! ಈಗ ಬರೋದೆಲ್ಲ ತಗಡು! ಇದರ ಬಾಗಿಲಿನ ತೂಕ ಇಲ್ಲ ಈಗಿನ ಓವನ್‌ಗಳು. ಯಾರಾದರೂ ಒಬ್ಬ ರಿಪೇರಿಯವನನ್ನ ಕರೆಸು."

ಹೀಗೆ ತಮ್ಮ ಬಾಯಾರೆ ತಾವೇ ಕರೆಸಿಕೊಂಡ ಮಹಾನುಭಾವನೇ ಇಂಜಿನಿಯರ್ ಸಿಪ್ರಿಯನ್. ಎನುಗುವಿನಲ್ಲಿ ಸ್ಕ್ರೂಡ್ರೈವರ್ ಹಿಡಿದವರೆಲ್ಲ ಇಂಜಿನಿಯರುಗಳೇ. ಸ್ನಾತಕೋತ್ತರ ಪದವಿ ಪಡೆದ ಮೇಷ್ಟ್ರನ್ನು ಮಾತ್ರ ಇಂದಿನವರೆಗೆ ಒಬ್ಬನೂ ಹಾಗೆ ಕರೆದಿರಲಿಲ್ಲ. ಮೂವತ್ತರ ಆಸುಪಾಸಿನ ಆ ಯುವಕ ಆ ಭಾನುವಾರ ಚರ್ಚ್ ಮುಗಿಸಿ ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂದು, ಅಡುಗೆಮನೆಯ ನೆಲಕ್ಕೆ ಬಟ್ಟೆ ಹಾಸಿ ಮಲಗಿ, ಓವನ್ನಿನೊಳಗೆ ತಲೆ ತೂರಿಸಿ, ವೈದ್ಯನ ಗತ್ತಿನಲ್ಲಿ, "ಮೇಡಂ, ಪಾಪ, ಇದಕ್ಕೆ ಉಸಿರು ಕಟ್ಟಿದೆ," ಎಂದ.

"ಕೇಳಿದಿರಾ?" ಎಂದು ಉಲೋಮಾ ಹಜಾರದ ಕಡೆಗೆ ಕೂಗಿದರು. "ಉಸಿರು ಕಟ್ಟಿದೆಯಂತೆ!"

"ಕಬ್ಬಿಣಕ್ಕೆ ಉಸಿರಿರೋದಿಲ್ಲ," ಎಂದು ಮೇಷ್ಟ್ರು ಪತ್ರಿಕೆಯ ಹಿಂದಿನಿಂದ ಗೊಣಗಿದರು. ಆತನ ಮುಖ ನೋಡುವ ಗೋಜಿಗೂ ಹೋಗಲಿಲ್ಲ.

ಅರ್ಧ ಗಂಟೆಯಲ್ಲಿ ಆತ ಮಸಿ ಒರೆಸಿದ್ದೇ ತಡ, ಓವನ್ ಹೊತ್ತಿತು. ಹೆಂಡತಿಯ ಮುಖವೂ ಹೊತ್ತಿತು! ಆ ಬೆಳಕು ಮೇಷ್ಟ್ರ ಕಣ್ಣಿಗೆ ಅಷ್ಟೇನೂ ಹಿತವಾಗಲಿಲ್ಲ. ಆದರೂ ಸಹಿಸಿದರು. ಸಹನೆ ಮುರಿದುಬಿದ್ದದ್ದು, ಉಲೋಮಾ ಆತನನ್ನೂ ಊಟಕ್ಕೆ ಕೂರಿಸಿದಾಗ, ಮೇಜಿನ ಮೇಲೆ.

ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಆ ಗಟ್ಟಿ ತುಂಡು, ಗಿಜರ್ಡ್, ಮೇಷ್ಟ್ರ ಇಗ್ಬೋ ಜನಾಂಗದ ಮನೆಗಳಲ್ಲಿ ಯಜಮಾನನ ಪಾಲು. ಇದನ್ನು ಯಾವ ಸಂವಿಧಾನದಲ್ಲೂ ಬರೆದಿಲ್ಲ. ಬರೆದಿದ್ದರೆ ತಿದ್ದುಪಡಿಯನ್ನಾದರೂ ಮಾಡಬಹುದಿತ್ತು! ಮೇಷ್ಟ್ರು ಯಾಮ್ ಗೆಣಸಿನ ಮುದ್ದೆಯನ್ನು ಮುರಿದು ಸಾರಿಗೆ ಅದ್ದುವಾಗ ಎದುರಿನ ತಟ್ಟೆಯತ್ತ ಕಣ್ಣು ಹೋಯಿತು. ಅಲ್ಲಿ, ಸಿಪ್ರಿಯನ್ನನ ಸಾರಿನ ಮೇಲೆ, ಸಿಂಹಾಸನವೇರಿದಂತೆ ಗಿಜರ್ಡ್ ಕುಳಿತಿತ್ತು. ಅವರ ತಟ್ಟೆಯಲ್ಲಿದ್ದದ್ದು, ಹಾರಿಹೋಗು ಎಂದು ಸೂಚಿಸುವಂತೆ, ಒಂದು ರೆಕ್ಕೆ!

ಅತಿಥಿ ಹೊರಟೊಡನೆ ವಿಚಾರಣೆ ಆರಂಭವಾಯಿತು.

"ಗಿಜರ್ಡ್ ಎಲ್ಲಿ?"

"ಯಾಕೆ, ಕಾಣಲಿಲ್ವಾ?"

"ಕಾಣ್ತು. ಅವನ ತಟ್ಟೆಯಲ್ಲಿ!"

"ಸರಿಯಾಗೇ ಕಂಡಿದೆ ಬಿಡಿ. ಕನ್ನಡಕ ಬದಲಾಯಿಸೋ ಖರ್ಚು ಉಳೀತು."

"ಉಲೋಮಾ, ಕೋಳಿಗೆ ಇರೋದು ಒಂದೇ ಗಿಜರ್ಡ್!"

"ಮನೆಗೆ ಇರೋದೂ ಒಂದೇ ಓವನ್."

ಆಗಲೇ ಮೇಷ್ಟ್ರು ಕಥೆಯ ಆರಂಭದ ಆ ಘೋಷಣೆಯನ್ನು ಹೊರಡಿಸಿದ್ದು. ಓವನ್ ಇರುವವರೆಗೆ ಆ ಇಂಜಿನಿಯರ್ ಇರುತ್ತಾನೆ, ಆತ ಇರುವವರೆಗೆ ತಮಗೆ ರೆಕ್ಕೆಯೇ ಗತಿ. ಹೊಸ ಓವನ್ ಬಂದರೆ ಪೀಡೆ ತೊಲಗುತ್ತದೆ. ಆದರೆ ಚೆನ್ನಾಗಿ ಉರಿಯುವ ಓವನ್ನನ್ನು ಬದಲಾಯಿಸಲು ಯಾವ ಹೆಂಡತಿ ಒಪ್ಪುತ್ತಾಳೆ? ಹಾಗಾಗಿ ಅದು ಚೆನ್ನಾಗಿ ಉರಿಯಬಾರದು!

ಇಲ್ಲಿ ಭೌತಶಾಸ್ತ್ರ ನೆರವಿಗೆ ಬಂತು. ಓವನ್ನಿನ ಜ್ವಾಲೆಗೆ ತಾಗುವಂತೆ ತಾಮ್ರದ ಒಂದು ಸಣ್ಣ ಕಡ್ಡಿ ನಿಂತಿರುತ್ತದೆ. ಅದಕ್ಕೆ ಥರ್ಮೋಕಪಲ್ ಎಂದು ಹೆಸರು. ಅದು ಕಾದಿದ್ದರೆ ಗ್ಯಾಸು ಹರಿಯುತ್ತದೆ, ತಣ್ಣಗಾದರೆ ನಿಲ್ಲುತ್ತದೆ. ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಅದರ ಚಿತ್ರವನ್ನು ಮೇಷ್ಟ್ರೇ ಬಿಡಿಸುತ್ತಿದ್ದರು. ಮಂಗಳವಾರ ಶಾಲೆಯಿಂದ ಬಂದವರೇ, ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಗ್ಯಾಸು ಬಂದ್ ಮಾಡಿ ಕಡ್ಡಿಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಬಗ್ಗಿಸಿದರು. ವಿಜ್ಞಾನಕ್ಕೆ ಜಯವಾಗಲಿ!

ಸಂಜೆ ಅಡುಗೆಮನೆಯಿಂದ "ಎವೂ!" ಎಂಬ ಆರ್ತನಾದ ಕೇಳಿಬಂತು. ಮೇಷ್ಟ್ರು ಪತ್ರಿಕೆ ಮಡಚಿ, ಮುಖದಲ್ಲಿ ತಕ್ಕಷ್ಟು ಶೋಕ ತುಂಬಿಕೊಂಡು ಎದ್ದರು.

"ನಾನು ಹೇಳಲಿಲ್ವಾ? ಹಳೇ ಮಾಲಿನ ಹಣೆಬರಹವೇ ಇಷ್ಟು. ನಡಿ, ನಾಳೆನೇ ಹೊಸದು..."

ಉಲೋಮಾ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದರು. "ಹಲೋ, ಇಂಜಿನಿಯರ್?"

ಪ್ರತಿಯೊಂದು ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಇದ್ದೇ ಇರುತ್ತದೆಂದು ಇಪ್ಪತ್ತೆಂಟು ವರ್ಷ ಕಲಿಸಿದ ಮನುಷ್ಯ, ಓವನ್ ಕೆಟ್ಟರೆ ರಿಪೇರಿಯವನು ಬರುತ್ತಾನೆಂಬ ನಿಯಮವನ್ನೇ ಮರೆತಿದ್ದರು!

ಬುಧವಾರ ಸಿಪ್ರಿಯನ್ ಬಂದ. ಓವನ್ನಿನೊಳಗೆ ಬಹಳ ಹೊತ್ತು ಇಣುಕಿದ. ಬಟ್ಟೆಯಿಂದ ಏನನ್ನೋ ಒರೆಸಿದ. ಹಜಾರದಲ್ಲಿ ತಲೆಕೆಳಗಾಗಿ ಹಿಡಿಯಲ್ಪಟ್ಟಿದ್ದ ಪತ್ರಿಕೆಯತ್ತ ಒಮ್ಮೆ ನೋಡಿ, ಒಂದೇ ನಿಮಿಷದಲ್ಲಿ ಸರಿಮಾಡಿದ. ಆ ದಿನ ಮನೆಯಲ್ಲಿ ಮತ್ತೊಂದು ಕೋಳಿ ಪ್ರಾಣಾರ್ಪಣೆ ಮಾಡಿತು. ಗಿಜರ್ಡ್ ಅತಿಥಿಗೆ ಹೋಯಿತು. ಯಜಮಾನರಿಗೆ ಈ ಸಲ ಕತ್ತು.

"ರೆಕ್ಕೆಯಿಂದ ಕತ್ತಿಗೆ," ಎಂದು ಮೇಷ್ಟ್ರು ಲೆಕ್ಕ ಹಾಕಿದರು. "ಇದೇ ವೇಗದಲ್ಲಿ ಹೋದರೆ ಬರೋ ವಾರ ಪುಕ್ಕ."

ಉಳಿದದ್ದು ಒಂದೇ ಅವಕಾಶ. ಸೋಮವಾರ ಪೈ ಬೇಯಿಸುವ ಕೆಲಸ ಶುರು. ಶನಿವಾರ ಬೆಳಿಗ್ಗೆ ಉಲೋಮಾ ಮೈದಾಹಿಟ್ಟು ತರಲು ಮಾರುಕಟ್ಟೆಗೆ ಹೊರಟರು. ಊರಿನವರ ಸಂಘದ ಸಭೆಗೆಂದು ಮೇಷ್ಟ್ರು ಸರ್ವಾಲಂಕೃತರಾಗಿ ನಿಂತಿದ್ದರು. ತಲೆಗೆ ಕೆಂಪು ಟೋಪಿ. ಮೈಮೇಲೆ ಇಸಿಯಾಗು, ಎಂದರೆ ಉದ್ದಗಲಕ್ಕೂ ಸಿಂಹದ ತಲೆಗಳಿರುವ ಮಖಮಲ್ಲಿನ ಅಂಗಿ. ಎದೆಯ ಗುಂಡಿಯಿಂದ ಗುಂಡಿಗೆ ಹೊಳೆಯುವ ಸರಪಳಿ. ಬಟ್ಟೆ ಬದಲಾಯಿಸಲು ವ್ಯವಧಾನವೆಲ್ಲಿ! ಈ ಸಲ ಬಗ್ಗಿಸುವುದಲ್ಲ, ಮುರಿದೇ ತೀರಬೇಕು. ಗ್ಯಾಸು ಬಂದ್ ಮಾಡಿ, ಹದಿನೆಂಟು ಸಿಂಹಗಳ ಸಮೇತ ನೆಲಕ್ಕೊರಗಿ, ಓವನ್ನಿನೊಳಗೆ ಭುಜದವರೆಗೆ ನುಗ್ಗಿದರು.

ಕಡ್ಡಿ 'ಟಕ್' ಎಂದು ಮುರಿಯಿತು. ಆಹಾ! ಹಿಂದೆ ಸರಿಯಲು ನೋಡಿದರು. ಆಗಲಿಲ್ಲ. ಎದೆಯ ಸರಪಳಿ ಓವನ್ನಿನ ಒಳಗಿನ ಕೊಕ್ಕೆಗೆ ಸಿಕ್ಕಿಕೊಂಡಿತ್ತು. ಎಡಕ್ಕೆ ಎಳೆದರೆ ಕತ್ತು ಬಿಗಿಯುತ್ತದೆ, ಬಲಕ್ಕೆ ಎಳೆದರೆ ಮಖಮಲ್ಲು ಹರಿಯುತ್ತದೆ. ಟೋಪಿ ಬಿದ್ದು ಮಸಿಯಲ್ಲಿ ಉರುಳಿತು. ಹೀಗೆ ಒಂದು ಗಂಟೆ ಒದ್ದಾಡಿದ ಮೇಲೆ ಮುಂಬಾಗಿಲು ತೆರೆದ ಸದ್ದಾಯಿತು.

"ದಾರೀಲೇ ಸಿಕ್ಕಿದ್ದು ಒಳ್ಳೇದಾಯ್ತು, ಇಂಜಿನಿಯರ್. ಸೋಮವಾರದ ಮೊದಲು ಒಂದ್ಸಲ ನೋಡಿಬಿಡಿ... ಚಿನೇಕೆ! ಅಯ್ಯೋ ದೇವರೇ!"

ಉಲೋಮಾ ಓವನ್ನಿನ ಬಾಗಿಲ ಬಳಿಗೆ ಬಂದರು.

"ಊಜು ಅಪ್ಪ, ಒಳಗೇನು ಮಾಡ್ತಿದ್ದೀರಿ?"

ಓವನ್ನಿನೊಳಗಿನಿಂದ ಗಂಭೀರವಾದ, ಪ್ರತಿಧ್ವನಿ ಸಹಿತವಾದ ಉತ್ತರ ಬಂತು: "ಪರಿಶೀಲನೆ."

"ಹೊರಗೆ ಬನ್ನಿ."

"ಪರಿಶೀಲನೆ ಇನ್ನೂ ಮುಗಿದಿಲ್ಲ."

"ಬರೋಕಾಗ್ತಿಲ್ಲ, ಅಲ್ವಾ?"

"...ಸರಪಳಿ ಸಿಕ್ಕಿಹಾಕ್ಕೊಂಡಿದೆ."

ಉಲೋಮಾ ಹಿಟ್ಟಿನ ಚೀಲ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟರು. "ಇಂಜಿನಿಯರ್, ಚೆನ್ನಾಗಿ ನೋಡಿ ಹೇಳಿಬಿಡಿ. ಇದನ್ನ ರಿಪೇರಿ ಮಾಡಬಹುದಾ, ಇಲ್ಲ ಹೊಸದೇ ತಂದುಬಿಡಲಾ?"

"ಬಿಸಾಕಬೇಡಿ ಮೇಡಂ," ಎಂದ ಸಿಪ್ರಿಯನ್, ನೆಲದ ಮೇಲೆ ಮಲಗುತ್ತಾ. "ಹಳೇ ಮಾಲು ಗಟ್ಟಿ. ಸ್ವಲ್ಪ ಮಸಿ ಕಟ್ಟಿದೆ ಅಷ್ಟೆ."

ಕೊಂಡಿ ಬಿಡಿಸಿ ಹೊರಗೆಳೆದಾಗ ಮೇಷ್ಟ್ರ ಮುಖ ಯಾವುದು, ಓವನ್ ಯಾವುದು ಎಂದು ತಿಳಿಯುವಂತಿರಲಿಲ್ಲ. ಸಿಪ್ರಿಯನ್ ಮುರಿದ ಕಡ್ಡಿಯನ್ನು ಎತ್ತಿ ಹಿಡಿದ.

"ಸರ್, ಥರ್ಮೋಕಪಲ್‌ನ ಬಲವಂತ ಮಾಡಿದರೆ ಮುರಿಯುತ್ತೆ. ನೀವೇ ಹೇಳಿದ್ರಲ್ಲ."

"ನಾನಾ? ಯಾವಾಗ?"

"ಹದಿನಾಲ್ಕು ವರ್ಷ ಆಯ್ತು ಸರ್. ಕೊನೇ ಬೆಂಚು. 'ಸಿಪ್ರಿಯನ್, ನಿನ್ನ ತಲೆಗಿಂತ ಒದ್ದೆ ಸೌದೆ ಬೇಗ ಹೊತ್ತುತ್ತೆ' ಅಂತ ದಿನಾ ಹೇಳ್ತಿದ್ರಿ."

ಮೇಷ್ಟ್ರು ಮೊದಲ ಬಾರಿಗೆ ಆತನ ಮುಖವನ್ನು ನೋಡಿದರು. ಹೌದು, ಅದೇ ಹುಬ್ಬು, ಅದೇ ಹಲ್ಲು!

"ಬುಧವಾರ ಈ ಕಡ್ಡಿ ಮೇಲೆ ಸೀಮೆಸುಣ್ಣದ ಬೆರಳು ಗುರುತಿತ್ತು ಸರ್," ಎಂದು ಆತ ದನಿ ತಗ್ಗಿಸಿದ. "ಒರೆಸಿಬಿಟ್ಟೆ. ಮೇಡಂಗೆ ಹೇಳಲಿಲ್ಲ."

"ಈಗ ಹೇಳಿದ್ರಲ್ಲ, ಸಾಕು," ಎಂದರು ಉಲೋಮಾ. ಆಮೇಲೆ ಗಂಡನತ್ತ ತಿರುಗಿದರು. "ಎರಡು ಸಲ ಬಂದರೂ ಒಂದು ನೈರಾ ಮುಟ್ಟಲಿಲ್ಲ ಇವರು. ಸರ್ ಮನೆ ಕೆಲಸಕ್ಕೆ ದುಡ್ಡು ತಗೊಂಡರೆ ಕೈ ಸೇದಿಹೋಗುತ್ತೆ ಅಂದರು. ನಾನೇನು ಕೊಡಲಿ, ಹೇಳಿ? ಈ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳೋದು ಯಾವುದು ಅಂತ ಮದುವೆಯಾದಾಗಿನಿಂದ ನೀವೇ ಹೇಳ್ಕೊಂಡು ಬಂದಿದ್ದೀರಿ. ಅದನ್ನೇ ಕೊಟ್ಟೆ."

ಮೇಷ್ಟ್ರು ಟೋಪಿಯನ್ನು ಎತ್ತಿಕೊಂಡು ಮಸಿ ಕೊಡವಿದರು. ಮಸಿ ಹೋಗಲಿಲ್ಲ. ವಾರವಿಡೀ ಅವರು ಹೊಟ್ಟೆಕಿಚ್ಚು ಪಟ್ಟಿದ್ದು ತಮಗೇ ಸಂದ ಗೌರವದ ಮೇಲೆ! ಆ ಕಿಚ್ಚಿನಲ್ಲಿ ಮುನ್ನೂರು ಪೈ ಬೇಯಿಸಬಹುದಿತ್ತು.

"ಹೊಸ ಕಡ್ಡಿ ತಂದು ನಾಳೆ ಮಧ್ಯಾಹ್ನ ಹಾಕ್ತೀನಿ ಮೇಡಂ, ಸೋಮವಾರಕ್ಕೆ ಓವನ್ ತಯಾರು," ಎಂದು ಸಿಪ್ರಿಯನ್ ಚೀಲ ಹೆಗಲಿಗೇರಿಸಿದ.

ಉಲೋಮಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾಳೆ ಬರ್ತಾರಂತೆ. ಈಗ ಹೇಳಿ, ಊಜು ಅಪ್ಪ. ಮನೆಯಲ್ಲಿ ಓವನ್ ಇರಬೇಕಾ, ನೀವಿರಬೇಕಾ?"

ಮೇಷ್ಟ್ರು ಮಸಿ ಮೆತ್ತಿದ ಟೋಪಿಯನ್ನು ಘನತೆಯಿಂದ ತಲೆಗೇರಿಸಿಕೊಂಡರು.

"ಇಬ್ಬರೂ ಇರ್ತೀವಿ," ಎಂದರು. "ಆದರೆ ನಾಳೆಗೆ ಕೋಳಿ ಮಾತ್ರ ಎರಡು ತಾ!"